ವಧದಂಡದ ವಿಚಾರ: ದ್ಯುಮತ್ಸೇನ–ಸತ್ಯವಾನ ಸಂವಾದ

ಅಪರಾಧಿಯ ಪ್ರಾಣವನ್ನು ತೆಗೆಯುವ ಅಧಿಕಾರವು ರಾಜನಿಗುಂಟೆ ಎಂಬ ಪ್ರಶ್ನೆಯು ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಹುಟ್ಟಿತೆಂದೂ, ಇಂಗ್ಲಿಷ್ ವಿದ್ಯೆಯೊಡನೆ ಅದು ಈ ದೇಶಕ್ಕೆ ಬಂದಿತೆಂದೂ ಭಾವಿಸುವವರು ಬಹುಮಂದಿ. ಇಟಲಿಯ ಬೆಕಾರಿಯ ಎಂಬಾತನು 1764ರಲ್ಲಿ ಅಪರಾಧ ಮತ್ತು ದಂಡನೆಗಳನ್ನು ಕುರಿತು ಪ್ರಕಟಿಸಿದ ಸಣ್ಣ ಗ್ರಂಥವನ್ನೂ, ಟಸ್ಕನಿಯ ಅರಸನಾದ ಲಿಯೋಪೋಲ್ಡನು 1786ರಲ್ಲಿ ತನ್ನ ರಾಜ್ಯದೊಳಗೆ ಮರಣದಂಡನೆಯನ್ನು ತೆಗೆದುಹಾಕಿದುದನ್ನೂ ಈ ಚರ್ಚೆಯ ಆದಿಯೆಂದು ಹೇಳುವುದು ವಾಡಿಕೆಯಾಗಿದೆ. ಆ ಗ್ರಂಥದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ, ಮಹಾಭಾರತದ ಶಾಂತಿಪರ್ವದ ಮೋಕ್ಷಧರ್ಮ ಭಾಗದಲ್ಲಿ, ತಂದೆಮಕ್ಕಳಿಬ್ಬರು ಇದೇ ಪ್ರಶ್ನೆಯನ್ನು ಎತ್ತಿಕೊಂಡು ಪಕ್ಷ ಪ್ರತಿಪಕ್ಷಗಳಾಗಿ ನಿಂತು ವಾದಿಸಿದ್ದಾರೆ. ಆ ತಂದೆಯು ಸಾಲ್ವದೇಶದ ರಾಜನಾದ ದ್ಯುಮತ್ಸೇನ. ಮಗನು ಸಾವಿತ್ರಿಯ ಪತಿಯೆಂದು ಮನೆಮನೆಯಲ್ಲಿ ಹೆಸರಾದ ಸತ್ಯವಾನ.

ಸಾವಿತ್ರಿಯ ಕಥೆಯನ್ನು ಬಲ್ಲಷ್ಟು ಈ ಸಂವಾದವನ್ನು ಕನ್ನಡಿಗರು ಬಲ್ಲವರಲ್ಲ. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಕನ್ನಡನಾಡಿನ ಚಾವಡಿಗಳಲ್ಲಿ ಗಮಕಿಗಳ ಬಾಯಿಂದ ಜನರು ಕೇಳುತ್ತ ಬಂದುದು ಕುಮಾರವ್ಯಾಸನ ಭಾರತವನ್ನು. ಆ ಮಹಾಕವಿಯ ಕಾವ್ಯವಾದರೋ ಗದಾಪರ್ವದಲ್ಲಿ ನಿಂತುಹೋಗುತ್ತದೆ. ಯುದ್ಧವು ಮುಗಿದ ಮೇಲೆ ಶರಶಯ್ಯೆಯಲ್ಲಿ ಮಲಗಿದ ಭೀಷ್ಮನು ಯುಧಿಷ್ಠಿರನಿಗೆ ಹೇಳಿದ ರಾಜಧರ್ಮ, ಆಪದ್ಧರ್ಮ, ಮೋಕ್ಷಧರ್ಮಗಳೆಲ್ಲವೂ ಅದರಿಂದ ಹೊರಗುಳಿದವು. ಪಂಡಿತರ ಪಾಠಶಾಲೆಗಳಲ್ಲಿ ಶಾಂತಿಪರ್ವದ ವ್ಯಾಸಂಗವಿದ್ದರೂ, ಅಲ್ಲಿ ಮೋಕ್ಷಧರ್ಮವನ್ನು ವೇದಾಂತಕ್ಕಾಗಿ ಓದುತ್ತಿದ್ದರೇ ಹೊರತು ದಂಡನೀತಿಗಾಗಿ ಓದುವವರು ವಿರಳ.

ಸಂವಾದವು ಯುಧಿಷ್ಠಿರನ ಒಂದು ಪ್ರಶ್ನೆಯಿಂದ ಮೊದಲಾಗುತ್ತದೆ. ರಾಜನಾದವನು ಪ್ರಜೆಗಳನ್ನು ರಕ್ಷಿಸಬೇಕು, ಆದರೆ ಯಾರನ್ನೂ ನೋಯಿಸಬಾರದು. ಇದು ಹೇಗೆ ಸಾಧ್ಯ? ಹದಿನೆಂಟು ಅಕ್ಷೌಹಿಣಿಗಳ ನಾಶವನ್ನು ಕಣ್ಣಾರೆ ಕಂಡು ಬಂದವನು ಕೇಳುವ ಪ್ರಶ್ನೆಯಿದು ಎಂಬುದನ್ನು ಮರೆಯಬಾರದು. ಉತ್ತರವಾಗಿ ಭೀಷ್ಮನು ತನ್ನ ಅಭಿಪ್ರಾಯವನ್ನು ನೇರವಾಗಿ ಹೇಳದೆ ಹಳೆಯ ಇತಿಹಾಸವೊಂದನ್ನು ಉದಾಹರಿಸುತ್ತಾನೆ. ದ್ಯುಮತ್ಸೇನನ ಅಪ್ಪಣೆಯಂತೆ ಕೆಲವರನ್ನು ವಧಸ್ಥಾನಕ್ಕೆ ಕರೆದೊಯ್ಯುತ್ತಿರಲು, ಸತ್ಯವಾನನು ಅದನ್ನು ಕಂಡು, ಅದುವರೆಗೆ ಯಾರೂ ಆಡದಿದ್ದ ಮಾತನ್ನು ಆಡಿದನಂತೆ. ಧರ್ಮವು ಸನ್ನಿವೇಶವಿಶೇಷದಿಂದ ಅಧರ್ಮವಾಗುವುದುಂಟು, ಅಧರ್ಮವು ಧರ್ಮವಾಗುವುದೂ ಉಂಟು. ಆದರೆ ಕೊಲೆಯೆಂಬುದು ಮಾತ್ರ ಧರ್ಮವಾಗಲಾರದು ಎಂಬುದು ಆತನ ಪ್ರತಿಜ್ಞೆ.

ತಂದೆಯ ಉತ್ತರವು ತಡವಿಲ್ಲದೆ ಬರುತ್ತದೆ. ಕೊಲ್ಲದಿರುವುದೇ ಧರ್ಮವೆಂದಾದರೆ ಅಧರ್ಮವೆಂಬುದು ಯಾವುದು? ದಸ್ಯುಗಳನ್ನು ಕೊಲ್ಲದೆ ಬಿಟ್ಟರೆ ಎಲ್ಲವೂ ಸಂಕರವಾಗಿ, ಕಲಿಯುಗದಲ್ಲಿ ಇದು ನನ್ನದು, ಇದು ಅವನದಲ್ಲ ಎಂಬ ವ್ಯವಸ್ಥೆಯೇ ಉಳಿಯದು, ಲೋಕಯಾತ್ರೆಯೇ ನಿಂತುಹೋದೀತು. ಇಷ್ಟು ಹೇಳಿ, ಬೇರೆ ದಾರಿಯನ್ನು ನೀನು ಬಲ್ಲೆಯಾದರೆ ಹೇಳು ಎಂದು ಮಗನನ್ನೇ ಕೇಳುತ್ತಾನೆ. ಈ ಕೊನೆಯ ವಾಕ್ಯವು ಗಮನಾರ್ಹವಾದುದು. ಸಿಂಹಾಸನದಲ್ಲಿರುವವನು ತನ್ನ ಆಜ್ಞೆಯನ್ನು ಪ್ರಶ್ನಿಸಿದ ಕಿರಿಯನಿಗೆ ವಾದದ ಅವಕಾಶವನ್ನು ತಾನಾಗಿ ಕೊಡುತ್ತಾನೆ. ವಧೆಗೆ ಹೊರಟವರ ಪ್ರಾಣವು ಅಷ್ಟುಹೊತ್ತು ಆ ವಾದದ ಮೇಲೆ ನಿಂತಿರುತ್ತದೆ.

ಸತ್ಯವಾನನು ಮುಂದಿಡುವ ಹೇತುಗಳಲ್ಲಿ ನಾಲ್ಕು ಮುಖ್ಯವಾದುವು. ಅಪರಾಧದ ಸ್ವರೂಪವನ್ನೂ ನೀತಿಶಾಸ್ತ್ರವನ್ನೂ ಚೆನ್ನಾಗಿ ಪರಿಶೀಲಿಸದೆ ದಂಡಿಸಬಾರದೆಂಬುದು ಮೊದಲನೆಯದು. ಇದು ಎಲ್ಲ ಶಾಸ್ತ್ರಕಾರರಿಗೂ ಸಮ್ಮತವಾದುದರಿಂದ ಇದರ ವಿಸ್ತಾರವು ಬೇಡ. ಎರಡನೆಯದು ಹಾಗಲ್ಲ. ದಸ್ಯುವೊಬ್ಬನನ್ನು ಕೊಂದ ರಾಜನು ಅವನೊಬ್ಬನನ್ನೇ ಕೊಂದಂತಾಗಲಿಲ್ಲ, ಆ ಪುರುಷನು ಹತನಾದಾಗ ಅವನ ಹೆಂಡತಿ, ತಾಯಿ, ತಂದೆ, ಮಗ, ಇವರೂ ಹತರಾದರು, ಇವರೆಲ್ಲರೂ ನಿರಪರಾಧಿಗಳು. ಹೀಗೆ ಒಬ್ಬ ಅಪರಾಧಿಯ ನೆವದಿಂದ ಬಹುಮಂದಿ ನಿರಪರಾಧಿಗಳನ್ನು ರಾಜನು ಹಿಂಸಿಸುತ್ತಾನೆಂದು ಆತನ ಆಕ್ಷೇಪ. ದಂಡದ ಲೆಕ್ಕವನ್ನು ಹಾಕುವಾಗ ಅಪರಾಧಿಯನ್ನೂ ಅವನಿಂದ ನೊಂದವರನ್ನೂ ಎಣಿಸುವವರುಂಟು. ಅಪರಾಧಿಯ ಮನೆಯವರನ್ನು ಎಣಿಸಿದವರು ಪ್ರಾಚೀನರಲ್ಲಿ ತೀರ ಕಡಮೆ. ಮೂರನೆಯ ಹೇತುವು ಮನುಷ್ಯಸ್ವಭಾವವನ್ನು ಕುರಿತದ್ದು. ದುಷ್ಟನಾದವನೂ ಒಂದು ಕಾಲಕ್ಕೆ ಶೀಲವನ್ನು ಪಡೆಯಬಹುದು, ದುಷ್ಟರಲ್ಲಿ ಸಾಧುಗಳು ಹುಟ್ಟಬಹುದು. ಆದಕಾರಣ ಬೇರುಸಹಿತ ಕಿತ್ತುಹಾಕುವುದು ಸನಾತನಧರ್ಮವಲ್ಲ. ನಾಲ್ಕನೆಯದು, ವಧೆಯಿಲ್ಲದೆಯೂ ಪ್ರಾಯಶ್ಚಿತ್ತವು ಸಾಧ್ಯವೆಂಬುದು: ಹೆದರಿಸುವುದು, ಸೆರೆಯಲ್ಲಿಡುವುದು, ವಿರೂಪಗೊಳಿಸುವುದು ಇವುಗಳಿಂದ ಶಿಕ್ಷೆಯನ್ನು ಸಾಧಿಸಬಹುದು. ಇನ್ನು ಪಾಪಮಾಡೆವೆಂದು ಶರಣುಬಂದವರನ್ನು ಮೊದಲ ಸಲ ಬಿಡಬಹುದು. ಮತ್ತೆ ಮತ್ತೆ ತಪ್ಪುಮಾಡಿದವರು ಮೊದಲಿನಂತೆ ಬಿಡುಗಡೆಗೆ ಅರ್ಹರಲ್ಲ.

ವಿರೂಪಕರಣವೆಂದರೆ ಅಂಗಗಳನ್ನು ಕೆಡಿಸುವುದು. ಇಂದಿನ ಓದುಗನಿಗೆ ಇದು ವಧೆಗಿಂತ ಕಡಮೆ ಕ್ರೂರವೆನಿಸಲಾರದು. ಸತ್ಯವಾನನು ಮೂರು ವರ್ಣದವರನ್ನೂ ಬ್ರಾಹ್ಮಣರ ಹಿಡಿತದಲ್ಲಿಡಬೇಕೆಂದೂ ಹೇಳುತ್ತಾನೆ. ಆತನನ್ನು ಇಂದಿನ ಸುಧಾರಕನ ವೇಷದಲ್ಲಿ ನಿಲ್ಲಿಸುವುದು ಗ್ರಂಥಕ್ಕೆ ಮಾಡುವ ಅನ್ಯಾಯವಾದೀತು. ಆತನು ದಂಡವನ್ನು ಬಿಟ್ಟುಬಿಡಿರೆಂದು ಹೇಳಿದವನಲ್ಲ. ಹಿಂದಿರುಗಿಸಲಾಗದ ಒಂದು ದಂಡವನ್ನು ಮಾತ್ರ ಬಿಡಿರೆಂದವನು.

ದ್ಯುಮತ್ಸೇನನ ಪ್ರತ್ಯುತ್ತರವನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕುವಂತಿಲ್ಲ. ಆತನು ಇತಿಹಾಸವನ್ನು ಹೇಳುತ್ತಾನೆ. ಹಿಂದಿನವರು ಮೃದುಗಳು, ಸತ್ಯನಿಷ್ಠರು, ಅಲ್ಪಕೋಪದವರು. ಅವರಿಗೆ ಛೀ ಎಂಬ ಧಿಗ್ದಂಡವೇ ಸಾಕಾಗುತ್ತಿತ್ತು. ಆಮೇಲೆ ವಾಗ್ದಂಡವು ಬೇಕಾಯಿತು, ಅದರ ಮೇಲೆ ಧನವನ್ನು ಕಿತ್ತುಕೊಳ್ಳುವ ದಂಡವು ಬಂದಿತು, ಈಗ ವಧದಂಡವು ನಡೆಯುತ್ತಿದೆ. ವಧೆಯಿಂದಲೂ ಕೆಲವರನ್ನು ತಡೆಯಲಾಗುತ್ತಿಲ್ಲವೆಂದು ಆತನೇ ಒಪ್ಪುತ್ತಾನೆ. ದಸ್ಯುವು ಮನುಷ್ಯರಿಗಾಗಲಿ ದೇವತೆಗಳಿಗಾಗಲಿ ಪಿತೃಗಳಿಗಾಗಲಿ ಸೇರಿದವನಲ್ಲ. ಸ್ಮಶಾನದಿಂದಲೂ ಕದಿಯುವ ಬುದ್ಧಿಗೆಟ್ಟವರ ಸಂಗಡ ಒಪ್ಪಂದವನ್ನು ಮಾಡಿಕೊಳ್ಳುವವರು ಯಾರು ಎಂಬುದು ಆತನ ಕೊನೆಯ ಅಸ್ತ್ರ.

ವಾದದ ಮರ್ಮವಿರುವುದು ಇಲ್ಲಿಯೇ. ತಂದೆಗೆ ವ್ಯವಸ್ಥೆ ಬೇಕು, ಮಗನಿಗೆ ಕರುಣೆ ಬೇಕು ಎಂದು ಇವರ ಭೇದವನ್ನು ಸಂಗ್ರಹಿಸುವುದು ಸುಲಭ. ಆದರೆ ಅದು ಸರಿಯಲ್ಲ. ವ್ಯವಸ್ಥೆಯು ಇಬ್ಬರಿಗೂ ಬೇಕು. ದಸ್ಯುವು ಯಾರಿಗೂ ಸೇರಿದವನಲ್ಲವೆಂದು ತಂದೆಯು ಹೇಳಿದರೆ, ಅವನು ಒಬ್ಬಳ ಗಂಡ, ಒಬ್ಬಳ ಮಗ, ಒಬ್ಬನ ತಂದೆಯೆಂದು ಮಗನು ಹೇಳಿದ್ದಾನೆ. ಭೇದವು ಅಪರಾಧಿಯ ಅಸ್ತಿತ್ವವನ್ನು ಕುರಿತದ್ದು: ತಪ್ಪು ಮಾಡಿದವನು ಆ ತಪ್ಪಿನೊಡನೆಯೇ ಮನುಷ್ಯಕುಲದ ಹೊರಗಾಗುತ್ತಾನೆಯೇ, ಅಥವಾ ಸಂಬಂಧಗಳ ಬಲೆಯೊಳಗೇ ಉಳಿದಿರುತ್ತಾನೆಯೇ ಎಂಬುದೇ ಪ್ರಶ್ನೆ. ಇದಕ್ಕೆ ಕೊಡುವ ಉತ್ತರವನ್ನನುಸರಿಸಿ ಉಳಿದ ಅಭಿಪ್ರಾಯಗಳೆಲ್ಲವೂ ತಾವಾಗಿಯೇ ಒಂದು ಕಡೆಗೆ ಅಥವಾ ಇನ್ನೊಂದು ಕಡೆಗೆ ವಾಲುತ್ತವೆ.

ಸತ್ಯವಾನನ ಬಾಯಿಗೇ ಈ ಪಕ್ಷವನ್ನು ಕೊಟ್ಟುದು ಆಕಸ್ಮಿಕವಲ್ಲವೆಂದು ತೋರುತ್ತದೆ. ವನಪರ್ವದ ಕಥೆಯಲ್ಲಿ ಆತನು ಆಯುಸ್ಸು ತೀರಿ ಸತ್ತವನು. ಯಮನು ಪಾಶದಿಂದ ಕಟ್ಟಿ ಒಯ್ಯುತ್ತಿದ್ದ ಆತನ ಪ್ರಾಣವನ್ನು ಹೆಂಡತಿಯು ಬೆನ್ನಟ್ಟಿ ಬಿಡಿಸಿಕೊಂಡಳು. ಆಕೆಯು ಪಡೆದ ವರಗಳಿಂದ ಕುರುಡನಾಗಿದ್ದ ಮಾವನಿಗೆ ಕಣ್ಣೂ ಬಂದಿತು, ಕಳೆದುಹೋಗಿದ್ದ ರಾಜ್ಯವೂ ಬಂದಿತು. ದಂಡಧರನೆಂದು ಯಮನಿಗೆ ಹೆಸರು. ಆ ದಂಡಧರನ ಕೈಯಿಂದ ಹಿಂದಿರುಗಿ ಬಂದವನು, ಮಗನ ಪುನರ್ಜೀವನದೊಡನೆಯೇ ರಾಜ್ಯವನ್ನು ಮರಳಿ ಪಡೆದ ತಂದೆಯ ಮುಂದೆ ನಿಂತು, ಒಬ್ಬನು ಸತ್ತರೆ ಹೆಂಡತಿಯೂ ತಂದೆಯೂ ಸಾಯುತ್ತಾರೆಂದು ಹೇಳುತ್ತಾನೆ. ಶಾಂತಿಪರ್ವವು ಈ ಸಂಬಂಧವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಅದಕ್ಕಿಲ್ಲ.

ಸಂವಾದದ ಕೊನೆಯ ಭಾಗದಲ್ಲಿ ಚರ್ಚೆಯು ಅಪರಾಧಿಯನ್ನು ಬಿಟ್ಟು ರಾಜನ ಕಡೆಗೆ ತಿರುಗುತ್ತದೆ. ತನ್ನನ್ನು ತಾನು ನಿಯಮದಲ್ಲಿಟ್ಟುಕೊಳ್ಳದೆ ಇತರರನ್ನು ನಿಯಮಿಸಹೊರಟವನನ್ನು ಕಂಡು ಜನರು ನಗುತ್ತಾರೆ. ರಾಜನು ಮೊದಲು ತನ್ನನ್ನೂ, ಆಮೇಲೆ ತನ್ನ ಸಮೀಪದ ಬಂಧುಗಳನ್ನೂ ಶಿಕ್ಷಿಸಬೇಕು ಎಂಬ ಮಾತು ಅಲ್ಲಿ ಬರುತ್ತದೆ. ಇದನ್ನು ಇಬ್ಬರಲ್ಲಿ ಯಾರ ಮಾತೆಂದು ಓದಿದರೂ ಅರ್ಥಕ್ಕೆ ಹಾನಿಯಿಲ್ಲ. ಕಡೆಯಲ್ಲಿ ಕೃತಯುಗದಿಂದ ಕಲಿಯುಗದವರೆಗೆ ಧರ್ಮವು ಕಾಲುಕಾಲಾಗಿ ಕುಗ್ಗುವುದನ್ನು ಹೇಳಿ, ಆಯುಸ್ಸು ಶಕ್ತಿ ಕಾಲಗಳನ್ನು ನೋಡಿ ದಂಡವನ್ನು ಗೊತ್ತುಮಾಡಬೇಕೆಂದು ಮುಗಿಸಲಾಗಿದೆ. ಸಂವಾದದೊಳಗೆ ಗೆದ್ದವರಾರೆಂಬ ತೀರ್ಪಿಲ್ಲ. ವಧೆಗೆಂದು ಹೊರಟಿದ್ದವರ ಗತಿಯೇನಾಯಿತೆಂಬುದನ್ನೂ ಭೀಷ್ಮನು ಹೇಳುವುದಿಲ್ಲ.

ಶಾಸ್ತ್ರಗ್ರಂಥಗಳಲ್ಲಿ ಮೇಲುಗೈಯಾದುದು ದ್ಯುಮತ್ಸೇನನ ಪಕ್ಷವೇ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರವು ಶುದ್ಧವಧೆ, ಚಿತ್ರವಧೆ ಎಂದು ಕೊಲ್ಲುವ ಬಗೆಗಳನ್ನೇ ವಿಂಗಡಿಸುತ್ತದೆ. ಚಿತ್ರವಧೆಯೆಂದರೆ ಹಿಂಸಿಸಿ ಕೊಲ್ಲುವುದು. ಆದರೂ ಅದೇ ಗ್ರಂಥವು ತೀಕ್ಷ್ಣದಂಡನಾದ ರಾಜನು ಪ್ರಜೆಗಳಿಗೆ ಉದ್ವೇಗವನ್ನುಂಟುಮಾಡುವನೆಂದೂ, ಮೃದುದಂಡನು ತಿರಸ್ಕಾರಕ್ಕೆ ಗುರಿಯಾಗುವನೆಂದೂ, ಯಥಾರ್ಹದಂಡನೇ ಪೂಜ್ಯನೆಂದೂ ಮೊದಲಲ್ಲಿಯೇ ಎಚ್ಚರಿಸಿದೆ. ಅಂಗಚ್ಛೇದಕ್ಕೆ ಬದಲಾಗಿ ಹಣವನ್ನು ತೆತ್ತು ಬಿಡಿಸಿಕೊಳ್ಳುವ ದರಗಳನ್ನೂ ಕೊಟ್ಟಿದೆ. ಹಣವುಳ್ಳವನ ಕೈ ಉಳಿಯುತ್ತದೆ, ಇಲ್ಲದವನ ಕೈ ಹೋಗುತ್ತದೆ ಎಂಬುದರಲ್ಲಿ ಆ ನೀತಿಜ್ಞನಿಗೆ ವಿಷಮತೆಯೇನೂ ಕಾಣಲಿಲ್ಲ.

ಮನು ಯಾಜ್ಞವಲ್ಕ್ಯರು ದ್ಯುಮತ್ಸೇನನು ಚರಿತ್ರೆಯಾಗಿ ಹೇಳಿದ ನಾಲ್ಕು ದಂಡಗಳನ್ನು ಒಂದು ಮೆಟ್ಟಿಲಸಾಲಾಗಿ ಮಾಡಿದ್ದಾರೆ. ಧಿಗ್ದಂಡ, ವಾಗ್ದಂಡ, ಧನದಂಡ, ವಧದಂಡ, ಇವು ಯುಗಕ್ಕೊಂದಲ್ಲ. ಅಪರಾಧಕ್ಕೆ ತಕ್ಕಂತೆ ಒಂದೇ ರಾಜನು ಒಂದೇ ಕಾಲದಲ್ಲಿ ಬಳಸತಕ್ಕವು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯು ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕರ್ಮ, ವಿತ್ತ ಇವೆಲ್ಲವನ್ನೂ ತಿಳಿದು ದಂಡಿಸಬೇಕೆನ್ನುತ್ತದೆ. ಕೃತ್ಯವನ್ನು ಮಾತ್ರವಲ್ಲದೆ ಕರ್ತೃವನ್ನೂ ತೂಗಬೇಕೆಂಬ ಈ ವಿಧಿಯು ಅತ್ಯಂತ ವಿವೇಕಯುತವಾದುದು. ದುರದೃಷ್ಟದಿಂದ ಆ ತಕ್ಕಡಿಯ ಮೇಲೆ ವರ್ಣವೂ ಬಂದು ಕುಳಿತಿತು. ಬ್ರಾಹ್ಮಣನಿಗೆ ವಧೆಯಿಲ್ಲ, ಮುಂಡನವೂ ದೇಶೋಚ್ಚಾಟನವೂ ಸಾಕು. ಅದೇ ಅಪರಾಧಕ್ಕೆ ಕೆಳಗಿನವನ ಪ್ರಾಣವು ಹೋಗುತ್ತದೆ. ಕಳವಿನಲ್ಲಿ ಮಾತ್ರ ಮನುವು ಶೂದ್ರನ ದೋಷಕ್ಕಿಂತ ತಿಳಿವಳಿಕೆಯುಳ್ಳ ಬ್ರಾಹ್ಮಣನ ದೋಷವನ್ನು ಎಷ್ಟೋ ಮಡಿ ಹೆಚ್ಚಾಗಿ ಎಣಿಸಿ, ಸಾಮಾನ್ಯನಿಗೆ ಒಂದು ಕಾರ್ಷಾಪಣದ ದಂಡವಿದ್ದಲ್ಲಿ ರಾಜನಿಗೆ ಸಾವಿರವೆಂದಿದ್ದಾನೆ. ಈ ಶ್ಲೋಕಗಳನ್ನು ಮುಂದೊಡ್ಡಿ ಹಿಂದಿನದನ್ನು ಮರೆಸಲು ಯತ್ನಿಸುವುದು ವಿದ್ವಾಂಸರಿಗೆ ಶೋಭಿಸುವ ಕೆಲಸವಲ್ಲ.

ಮೌರ್ಯಚಕ್ರವರ್ತಿಯಾದ ಅಶೋಕನಲ್ಲಿ ಈ ಎರಡು ಪಕ್ಷಗಳೂ ಒಂದೇ ಮನಸ್ಸಿನೊಳಗೆ ಹೋರಾಡಿದಂತೆ ಕಾಣುತ್ತದೆ. ಕಳಿಂಗಯುದ್ಧದ ಹತ್ಯೆಗಾಗಿ ಪಶ್ಚಾತ್ತಾಪಪಟ್ಟವನು ಮರಣದಂಡನೆಯನ್ನು ತೆಗೆದುಹಾಕಿರಬೇಕೆಂದು ಊಹಿಸುವವರುಂಟು. ಅದು ನಿಜವಲ್ಲ. ಆತನ ನಾಲ್ಕನೆಯ ಸ್ತಂಭಶಾಸನವು ವ್ಯವಹಾರದಲ್ಲಿಯೂ ದಂಡದಲ್ಲಿಯೂ ಸಮತೆಯಿರಬೇಕೆಂದು ವಿಧಿಸಿ, ವಧೆಗೆ ಗುರಿಯಾದ ಸೆರೆಯಾಳುಗಳಿಗೆ ಮೂರು ದಿನಗಳ ಅವಧಿಯನ್ನು ಕೊಡುತ್ತದೆ. ಆ ಮೂರು ದಿನಗಳಲ್ಲಿ ಬಂಧುಗಳು ಪ್ರಾಣಭಿಕ್ಷೆಗಾಗಿ ಮೊರೆಯಿಡಬಹುದು. ಯಾರೂ ಇಲ್ಲದವನು ದಾನ ಉಪವಾಸಗಳಿಂದ ಪರಲೋಕಕ್ಕೆ ಸಿದ್ಧನಾಗಬಹುದು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಶಿಲಾಫಲಕದ ಮೇಲೆ, ಮೊದಲು ಕಳಿಂಗದ ಧವಲಿ ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳ ಭಾಗಗಳು ದೊರೆತಿವೆ. ಅವುಗಳಲ್ಲಿ ಮೊದಲನೆಯದು, ನಿಷ್ಕಾರಣವಾಗಿ ಯಾರೂ ಬಂಧನಕ್ಕೂ ಪೀಡೆಗೂ ಗುರಿಯಾಗದಂತೆ ನೋಡಿಕೊಳ್ಳಬೇಕೆಂದು ನ್ಯಾಯವಿಚಾರಣೆಯ ಅಧಿಕಾರಿಗಳಿಗೆ ಬರೆದ ಆಜ್ಞೆ. ಅಸೂಯೆ, ಕೋಪ, ನಿಷ್ಠುರತೆ, ಆತುರ, ಆಲಸ್ಯ, ಇಂಥ ದೋಷಗಳಿಂದ ಅಧಿಕಾರಿಯು ತಪ್ಪುತ್ತಾನೆಂದು ಅಲ್ಲಿ ಹೇಳಿದೆ. ಶಾಂತಿಪರ್ವದ ಕೊನೆಯ ಭಾಗದಲ್ಲಿ ರಾಜನಿಗೆ ಹೇಳಿದ ಆತ್ಮನಿಯಮವನ್ನೇ ಅಶೋಕನು ಇಲ್ಲಿ ತನ್ನ ಅಧಿಕಾರಿಗಳಿಗೆ ವಿಧಿಸಿದ್ದಾನೆ.

ಕನ್ನಡದ ಪ್ರಾಚೀನಗದ್ಯದಲ್ಲಿ ದಂಡನೆಯ ವಿಚಾರಕ್ಕೆ ನೇರವಾಗಿ ಒದಗುವ ಕಥೆಯೆಂದರೆ ಶಿವಕೋಟ್ಯಾಚಾರ್ಯನ ಹೆಸರಿನಲ್ಲಿ ಪ್ರಸಿದ್ಧವಾದ ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆ. ರಾಜನ ಹಾರವು ಕಳುವಾಗುತ್ತದೆ. ಯಮದಂಡನೆಂಬ ತಳಾರನು ಕೊಟ್ಟ ಗಡುವಿನೊಳಗೆ ಕಳ್ಳನನ್ನು ಹಿಡಿದು ತರಬೇಕು. ಆತನು ಹಿಡಿದು ತಂದವನು ನೋಡುವುದಕ್ಕೆ ರೋಗಿಷ್ಠನಾದ ದರಿದ್ರ. ತಾನು ಕಳ್ಳನಲ್ಲವೆಂದು ಅವನ ಹಟ. ರಾತ್ರಿಯೆಲ್ಲ ನಾನಾವಿಧವಾದ ದಂಡನೆಗಳನ್ನು ಮಾಡಿದರೂ ಅವನು ಒಪ್ಪಿಕೊಳ್ಳುವುದಿಲ್ಲ. ರಾಜನು ಅಭಯವನ್ನು ಕೊಟ್ಟ ಮೇಲೆ ತಾನೇ ಕಳ್ಳನೆಂದು ನಿಜವನ್ನು ನುಡಿಯುತ್ತಾನೆ. ಇಷ್ಟು ನೋವನ್ನು ಹೇಗೆ ಸಹಿಸಿದೆಯೆಂದು ಕೇಳಿದರೆ, ಮುನಿಗಳಿಂದ ಕೇಳಿದ್ದ ನರಕದುಃಖವನ್ನು ನೆನೆದು ಸಹಿಸಿದೆನೆಂದು ಉತ್ತರ. ಕಥೆಯ ಉದ್ದೇಶವು ವೈರಾಗ್ಯಬೋಧೆಯೇ ಹೊರತು ನ್ಯಾಯಶಾಸ್ತ್ರವಲ್ಲ. ವಿದ್ಯುಚ್ಚೋರನು ಮುಂದೆ ತಪಸ್ವಿಯಾಗುತ್ತಾನೆ. ಆದರೂ ತಳಾರನ ಊಹೆಯು ಸರಿಯಾಗಿದ್ದರೂ ಅವನ ಸಾಧನವು ಸತ್ಯವನ್ನು ಹೊರಡಿಸಲಾರದೆ ಹೋಯಿತು, ಅಭಯವು ಹೊರಡಿಸಿತು ಎಂಬ ಅಂಶವು ಹತ್ತನೆಯ ಶತಮಾನದಷ್ಟು ಹಿಂದಿನ ಕನ್ನಡದಲ್ಲಿ ಇದೆ. ದುಷ್ಟನು ಒಂದು ಕಾಲಕ್ಕೆ ಶೀಲವನ್ನು ಪಡೆಯಬಹುದೆಂದ ಸತ್ಯವಾನನಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯುವುದು ಕಷ್ಟ.

ಬ್ರಿಟಿಷರ ಆಡಳಿತದಲ್ಲಿ ಈ ವಿಚಾರವು ಶಾಸ್ತ್ರದಿಂದ ಕಾಯಿದೆಗೆ ಬಂದಿತು. ಮೆಕಾಲೆಯ ಅಧ್ಯಕ್ಷತೆಯ ಸಮಿತಿಯು 1837ರಲ್ಲಿ ಸಿದ್ಧಪಡಿಸಿದ ಕರಡು ಮರಣದಂಡನೆಯನ್ನು ಬಹಳ ಮಿತವಾಗಿ ಬಳಸಬೇಕೆಂಬ ಅಭಿಪ್ರಾಯದಿಂದ ರಚಿತವಾದುದು. 1860ರಲ್ಲಿ ಕಾಯಿದೆಯಾದ ಭಾರತೀಯ ದಂಡಸಂಹಿತೆಯಲ್ಲಿ ಕೊಲೆಗೆ ಮರಣ ಅಥವಾ ಆಜೀವ ಶಿಕ್ಷೆಯೆಂದು ಎರಡನ್ನೂ ಇಟ್ಟರು. ಎರಡರಲ್ಲಿ ಯಾವುದೆಂಬುದು ನ್ಯಾಯಾಧಿಪತಿಯ ವಿವೇಚನೆಗೆ ಸೇರಿತು. ಬಹುಕಾಲ ಮರಣವೇ ನಿಯಮವಾಗಿದ್ದು, ಅದನ್ನು ವಿಧಿಸದಿದ್ದರೆ ಕಾರಣವನ್ನು ಬರೆಯಬೇಕಾಗಿತ್ತು.

ಸ್ವಾತಂತ್ರ್ಯಹೋರಾಟದ ದಿನಗಳಲ್ಲಿ ಅಭಿಪ್ರಾಯವು ಬೇರೆ ಕಡೆಗೆ ತಿರುಗುವಂತೆ ತೋರಿತು. 1931ರ ಮಾರ್ಚ್ 23ರಂದು ಭಗತ್ ಸಿಂಗ್, ರಾಜಗುರು, ಸುಖದೇವ್ ಇವರನ್ನು ಲಾಹೋರಿನಲ್ಲಿ ಗಲ್ಲಿಗೇರಿಸಿದ ಕೆಲವೇ ದಿನಗಳಲ್ಲಿ ಕರಾಚಿಯಲ್ಲಿ ಕಾಂಗ್ರೆಸ್ಸು ನೆರೆಯಿತು. ಅಲ್ಲಿ ಅಂಗೀಕೃತವಾದ ಮೂಲಭೂತ ಹಕ್ಕುಗಳ ನಿರ್ಣಯವು ಅದೇ ವರ್ಷ ಪಡೆದ ಪರಿಷ್ಕೃತರೂಪದಲ್ಲಿ ಮರಣದಂಡನೆಯಿರಕೂಡದೆಂಬ ವಾಕ್ಯವೂ ಸೇರಿತು. ಗಯಾಪ್ರಸಾದ ಸಿಂಗರು ಅದೇ ವರ್ಷ ಕೇಂದ್ರ ಶಾಸನಸಭೆಗೆ ತಂದ ಮಸೂದೆಯು ಬಿದ್ದುಹೋಯಿತು. ತಿರುವಾಂಕೂರು ಸಂಸ್ಥಾನವು 1944ರಲ್ಲಿ ಮರಣದಂಡನೆಯನ್ನು ತೆಗೆದುಹಾಕಿತ್ತು. ಸಂವಿಧಾನಸಭೆಯಲ್ಲಿ 1949ರ ಜೂನ್ 3ರಂದು ಅಪೀಲಿನ ಅಧಿಕಾರವನ್ನು ಕುರಿತು ಚರ್ಚೆ ನಡೆದಾಗ, ಡಾಕ್ಟರ್ ಅಂಬೇಡಕರರು ತಮಗೆ ಮರಣದಂಡನೆಯನ್ನೇ ತೆಗೆದುಹಾಕುವುದು ಹೆಚ್ಚು ಸಮ್ಮತವೆಂದೂ, ಅಹಿಂಸೆಯನ್ನು ಆಚರಣೆಯಲ್ಲಿ ಅಲ್ಲದಿದ್ದರೂ ನೈತಿಕವಿಧಿಯಾಗಿ ಈ ದೇಶವು ಒಪ್ಪಿಕೊಂಡಿದೆಯೆಂದೂ ತಿಳಿಸಿದರು. ಆದರೆ ಸಂವಿಧಾನದಲ್ಲಿ ಅಂಥ ನಿಷೇಧವು ಸೇರಲಿಲ್ಲ. ಕಾಯಿದೆಯನ್ನು ಕೊಟ್ಟ ಬ್ರಿಟನ್ನು 1965ರಲ್ಲಿ ಕೊಲೆಯ ಅಪರಾಧಕ್ಕೆ ಮರಣವನ್ನು ನಿಲ್ಲಿಸಿ, 1969ರಲ್ಲಿ ಅದನ್ನು ಶಾಶ್ವತಗೊಳಿಸಿತು. ಆ ಎರಡು ವರ್ಷಗಳ ನಡುವೆ, 1967ರಲ್ಲಿ, ಭಾರತದ ಕಾನೂನು ಆಯೋಗವು ತನ್ನ 35ನೆಯ ವರದಿಯಲ್ಲಿ ಅದನ್ನು ಉಳಿಸಿಕೊಳ್ಳಬೇಕೆಂದು ಸಲಹೆಮಾಡಿತು. ದೇಶದ ವಿಸ್ತಾರ, ಜನರ ಶಿಕ್ಷಣ ಮತ್ತು ನೀತಿಯ ಮಟ್ಟಗಳಲ್ಲಿನ ವೈವಿಧ್ಯ, ಶಾಂತಿಪಾಲನೆಯ ಅಗತ್ಯ ಇವು ಅದು ಕೊಟ್ಟ ಕಾರಣಗಳು. ಈ ಜನರನ್ನು ಮೃದುವಾದ ದಂಡದಿಂದ ಆಳಲಾಗದೆಂಬ ದ್ಯುಮತ್ಸೇನನ ಮಾತನ್ನು ಓದಿದವರಿಗೆ ಈ ಕಾರಣಗಳು ಹೊಸವೆನಿಸಲಾರವು.

ಆದರೂ ಕಾಯಿದೆಯು ಮೆಲ್ಲಮೆಲ್ಲನೆ ಮಗನ ಕಡೆಗೆ ಸರಿಯಿತು. ಮರಣವನ್ನು ವಿಧಿಸದಿದ್ದರೆ ಕಾರಣವನ್ನು ಕೊಡಬೇಕೆಂಬ ವಿಧಿಯು 1955ರ ತಿದ್ದುಪಡಿಯಿಂದ ಹೋಯಿತು. 1973ರ ದಂಡಪ್ರಕ್ರಿಯಾಸಂಹಿತೆಯಲ್ಲಿ ಅದು ತಲೆಕೆಳಗಾಗಿ, ಮರಣವನ್ನು ವಿಧಿಸಿದರೆ ವಿಶೇಷ ಕಾರಣಗಳನ್ನು ಬರೆಯಬೇಕೆಂದಾಯಿತು. 1980ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೈಕಿ ನಾಲ್ವರು ಮರಣದಂಡನೆಯು ಸಂವಿಧಾನಕ್ಕೆ ವಿರೋಧವಲ್ಲವೆಂದು ತೀರ್ಮಾನಿಸಿ, ಅತಿವಿರಳಗಳಲ್ಲಿ ಅತಿವಿರಳವಾದ ಪ್ರಸಂಗಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿದರು. ಅಪರಾಧವನ್ನು ಮಾತ್ರವಲ್ಲದೆ ಅಪರಾಧಿಯನ್ನೂ ನೋಡಬೇಕು, ಅವನು ತಿದ್ದಿಕೊಳ್ಳುವ ಸಂಭವವಿದೆಯೇ ಎಂಬುದನ್ನು ವಿಚಾರಿಸಬೇಕು ಎಂಬುದು ಆ ತೀರ್ಪಿನ ಸಾರ. ಹೀಗೆ ತಂದೆಯ ನಿರ್ಣಯವೂ ಮಗನ ಮೂರನೆಯ ಹೇತುವೂ ಒಂದೇ ತೀರ್ಪಿನೊಳಗೆ ಜೊತೆಯಾದವು. ಪ್ರಶ್ನೆಯೇನೋ ತೀರಲಿಲ್ಲ, ಶಾಸನಸಭೆಯಿಂದ ಹೊರಟು ಪ್ರತಿಯೊಬ್ಬ ನ್ಯಾಯಾಧಿಪತಿಯ ಮೇಜಿನ ಮೇಲೆ ಬಂದು ಕುಳಿತಿತು.

ಐದನೆಯವರಾದ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು 1982ರಲ್ಲಿ ಕೊಟ್ಟ ಭಿನ್ನಾಭಿಪ್ರಾಯದ ತಿರುಳು ಇದೇ ಆಗಿದೆ. ಬದುಕುವುದೋ ಸಾಯುವುದೋ ಎಂಬುದು ವಿಚಾರಣೆ ಮಾಡುವ ಪೀಠದಲ್ಲಿ ಯಾರು ಕುಳಿತಿದ್ದಾರೆಂಬುದನ್ನು ಅವಲಂಬಿಸುವಂತಾದರೆ ಅದು ಸಮತೆಗೆ ವಿರುದ್ಧವೆಂದು ಅವರ ವಾದ. ಇದು ಬರಿಯ ತರ್ಕವಾಗಿರಲಿಲ್ಲ. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದ ಮುಂದೆ ಉತ್ತರಪ್ರದೇಶದ ಒಂದು ಮೊಕದ್ದಮೆಯು ಬಂದಿತು. ಒಂದೇ ಕೃತ್ಯದಲ್ಲಿ ಸಮಾನಪಾತ್ರವುಳ್ಳ ಮೂವರಿಗೆ ಮರಣದಂಡನೆಯಾಗಿತ್ತು. ಮೂವರೂ ಬೇರೆ ಬೇರೆಯಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಒಬ್ಬನ ಅರ್ಜಿಯು ತಿರಸ್ಕೃತವಾಗಿ, 1981ರ ಅಕ್ಟೋಬರ್ 6ರಂದು ಅವನನ್ನು ಗಲ್ಲಿಗೇರಿಸಲಾಯಿತು. ಇನ್ನೊಬ್ಬನ ಶಿಕ್ಷೆಯನ್ನು ಬೇರೊಂದು ಪೀಠವು ಆಜೀವ ಸೆರೆಗೆ ಇಳಿಸಿತ್ತು. ಮೂರನೆಯವನ ಅರ್ಜಿಯೂ ಕ್ಷಮಾಪ್ರಾರ್ಥನೆಯೂ ತಿರಸ್ಕೃತವಾಗಿ, ಅವನು ಕೊನೆಯ ಘಳಿಗೆಯಲ್ಲಿ ಮತ್ತೊಮ್ಮೆ ನ್ಯಾಯಾಲಯಕ್ಕೆ ಬಂದುದರಿಂದ ಈ ವಿಷಮತೆಯು ಬೆಳಕಿಗೆ ಬಂದಿತು. ನ್ಯಾಯಾಲಯವು ಅವನ ಶಿಕ್ಷೆಯನ್ನು ಇಳಿಸಬೇಕೆಂದು ರಾಷ್ಟ್ರಪತಿಗಳಿಗೆ ಸಲಹೆಮಾಡಿತು. ಗಲ್ಲಿಗೇರಿದವನ ವಿಷಯದಲ್ಲಿ ಮಾಡುವುದೇನೂ ಉಳಿದಿರಲಿಲ್ಲ.

ಮರಣದಂಡನೆಯ ಪಕ್ಷದಲ್ಲಿ ಹೇಳಬೇಕಾದ ಮಾತುಗಳೂ ಸಣ್ಣವಲ್ಲ. ಹತನಾದವನಿಗೂ ಹೆಂಡತಿ ತಾಯಿ ತಂದೆ ಮಕ್ಕಳಿರುತ್ತಾರೆ; ಸತ್ಯವಾನನ ಎಣಿಕೆಯಲ್ಲಿ ಅವರು ಬರುವುದಿಲ್ಲ. ರಾಜನ ದಂಡವು ಸಾಲದೆಂದು ತೋರಿದಲ್ಲಿ ಜನರು ತಾವೇ ಸೇಡನ್ನು ತೀರಿಸಿಕೊಳ್ಳಹೊರಡುವುದು ಚರಿತ್ರೆಯಲ್ಲಿ ಕಂಡ ವಿಷಯವೇ. ಅತಿಘೋರವಾದ ಕೃತ್ಯವು ನಡೆದಾಗ ಗಲ್ಲಿಗೆ ಕಡಮೆಯಾದುದಾವುದೂ ನ್ಯಾಯವೆನಿಸದಿರುವುದು ಕ್ರೂರಿಗಳಿಗೆ ಮಾತ್ರವಲ್ಲ, ಸಾಧುಗಳಿಗೂ ಆಗುವ ಅನುಭವ. ಆದರೆ ಈ ವಾದಗಳೆಲ್ಲವೂ ಯೋಗ್ಯನಾದವನಿಗೆ ಮಾತ್ರ ಈ ದಂಡವು ತಲಪುತ್ತದೆಯೆಂಬ ನಂಬಿಕೆಯ ಮೇಲೆ ನಿಂತಿವೆ. ಮೇಲೆ ಹೇಳಿದ ಮೂವರ ಕಥೆಯು ಆ ನಂಬಿಕೆಯನ್ನೇ ಅಲುಗಿಸುತ್ತದೆ. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು, 1996ರ ತನ್ನದೇ ಒಂದು ತೀರ್ಪು ಅಪರಾಧಿಯ ಪರಿಸ್ಥಿತಿಯನ್ನು ಬದಿಗಿರಿಸಿ ಬಚನ್ ಸಿಂಗ್ ನಿಯಮಕ್ಕೆ ವಿರುದ್ಧವಾಗಿ ನಡೆಯಿತೆಂದು ಒಪ್ಪಿಕೊಂಡಿತು. ಅದನ್ನನುಸರಿಸಿದ ತೀರ್ಪುಗಳೂ ಇದ್ದುವು. ಕಾನೂನು ಆಯೋಗವು 2015ರ ತನ್ನ 262ನೆಯ ವರದಿಯಲ್ಲಿ, ಭಯೋತ್ಪಾದನೆ ಮತ್ತು ರಾಜ್ಯದ ವಿರುದ್ಧ ಯುದ್ಧ ಇವುಗಳ ಹೊರತು ಉಳಿದೆಲ್ಲ ಅಪರಾಧಗಳಿಗೂ ಮರಣದಂಡನೆಯನ್ನು ತೆಗೆದುಹಾಕಬೇಕೆಂದು ಸಲಹೆಕೊಟ್ಟು, 1967ರ ತನ್ನ ಅಭಿಪ್ರಾಯವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿತು. ಶಾಸನವು ಆ ಸಲಹೆಯನ್ನು ಅನುಸರಿಸಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಕೊಲೆಗೆ ಮರಣ ಅಥವಾ ಆಜೀವ ಸೆರೆಯೆಂಬ 1860ರ ವಿಕಲ್ಪವೇ ಮುಂದುವರಿದಿದೆ.

ಮರಣದಂಡನೆಗೆ ಗುರಿಯಾದವನಿಗೆ ಸಿಕ್ಕಬೇಕಾದ ಕಾಲಾವಕಾಶವನ್ನು ಕುರಿತು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶತ್ರುಘ್ನ ಚೌಹಾನ್ ಮೊಕದ್ದಮೆಯಲ್ಲಿ ಒಂದು ನಿಯಮವನ್ನು ಮಾಡಿತು. ಕ್ಷಮಾಪ್ರಾರ್ಥನೆಯು ತಿರಸ್ಕೃತವಾದುದನ್ನು ತಿಳಿಸಿದ ದಿನಕ್ಕೂ ಗಲ್ಲಿನ ದಿನಕ್ಕೂ ನಡುವೆ ಕನಿಷ್ಠಪಕ್ಷ 14 ದಿನಗಳಿರಬೇಕು. ಸೆರೆಯಾಳು ಆ ಅವಧಿಯಲ್ಲಿ ದೇವರೊಡನೆ ಸಮಾಧಾನವನ್ನು ಮಾಡಿಕೊಳ್ಳಬಹುದು, ಮರಣಶಾಸನವನ್ನು ಬರೆಯಿಸಬಹುದು, ಇನ್ನೂ ಉಳಿದ ಕಾನೂನಿನ ಉಪಾಯವಿದ್ದರೆ ಅದನ್ನು ನೋಡಬಹುದು. ಅಶೋಕನು ಕಲ್ಲಿನ ಕಂಬದ ಮೇಲೆ ಬರೆಯಿಸಿದ ಮೂರು ದಿನಗಳ ಉದ್ದೇಶಗಳೂ ಇವೇ ಆಗಿದ್ದುವು. ಅದೇ ತೀರ್ಪಿನಲ್ಲಿ ಸೆರೆಮನೆಯ ಅಧಿಕಾರಿಗಳಿಗೆ ಇನ್ನೂ ಒಂದು ವಿಧಿಯಿದೆ: ಗಲ್ಲಿಗೆ ಮುಂಚೆ ಆ ಸೆರೆಯಾಳು ತನ್ನ ಮನೆಯವರನ್ನೂ ಸ್ನೇಹಿತರನ್ನೂ ಕೊನೆಯ ಸಲ ಕಾಣುವುದಕ್ಕೆ ಅವರು ಏರ್ಪಾಡು ಮಾಡತಕ್ಕದ್ದು.